ಡೂಪ್ಲಿಕೇಟ್ ಪಾರ್ಟು ತಾನು ಕೆಡುವುದಿಲ್ಲ

(ರಾಣೆಬೆನ್ನೂರಿನಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡ ರೈತರು, ಲಾರಿ ಮಾಲೀಕರು ಮತ್ತು ಗ್ಯಾರೇಜ್ ಮೇಸ್ತ್ರಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎಲ್ಲರಿಗೂ ಉಪಯೋಗವಾಗುವಂಥವನ್ನಷ್ಟೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನದು ಇಂಜಿನ್ ರೀಬೋರಿಂಗ್ ಶಾಪು. ಬೋರ್ ಹೊಡೆಯುವುದು, ಅಂದರೆ ಸವೆದ ಸಿಲಿಂಡರನ್ನು ಕೊರೆದು ಸಮ ಮಾಡುವುದು, ಕ್ರ್ಯಾಂಕ್ ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡ, ಅದರ ಗ್ರೈಂಡಿಂಗ್, ಹೆಡ್ ಕೆಲಸ, ಇಷ್ಟೇ ನಮ್ಮ ವ್ಯಾಪಾರ. ನಾನು ಸ್ಪೇರ್ ಪಾರ್ಟ್ಸ್ ಮಾರುವುದಿಲ್ಲ, ಯಾವ ಕಂಪನಿಯ ಏಜೆನ್ಸಿಯೂ ನನ್ನ ಬಳಿ ಇಲ್ಲ. ನಿಮ್ಮ ಇಂಜಿನ್ನು ನಮ್ಮ ಶಾಪಿಗೆ ಬರುವ ಹೊತ್ತಿಗೆ ಅದರ ಕಥೆ ಮುಗಿದಿರುತ್ತದೆ. ಬ್ಲಾಕ್ ಟೆಂಪೋದಲ್ಲಿ, ಉಳಿದ ಸಾಮಾನು ಗೋಣಿಚೀಲದಲ್ಲಿ. ಅದನ್ನು ನೆಲದ ಮೇಲೆ ಹರವಿಕೊಂಡು ಯಾವುದರಿಂದ ಯಾವುದು ಹೋಯಿತು ಅಂತ ನೋಡುವುದು ನನಗೆ ಚಟವೇ ಆಗಿಬಿಟ್ಟಿದೆ.

ಹಾಗೆ ನೋಡಿ ನೋಡಿ ಕಂಡುಕೊಂಡ ಒಂದೇ ಒಂದು ಸಂಗತಿ ಹೇಳಲು ಬಂದಿದ್ದೇನೆ. ಇಂಜಿನ್ನಿಗೆ ಏನಾಯಿತು ಎಂದು ಮಾಲೀಕರನ್ನು ಕೇಳಿದರೆ ಕ್ರ್ಯಾಂಕ್ ಹೋಯಿತು, ಪಿಸ್ಟನ್ ಹೋಯಿತು, ಟರ್ಬೊ ಹೋಯಿತು ಅನ್ನುತ್ತಾರೆ. ಎಲ್ಲ ದುಬಾರಿ ಸಾಮಾನಿನ ಹೆಸರೇ. ಅವುಗಳಲ್ಲಿ ಬಹಳಷ್ಟು ಕಂಪನಿಯಲ್ಲೇ ಕೂಡಿಸಿದ ಒರಿಜಿನಲ್. ಅವನ್ನು ಕೊಂದದ್ದು ಪಕ್ಕದಲ್ಲಿದ್ದ ಅಗ್ಗದ ಡೂಪ್ಲಿಕೇಟ್ ಫಿಲ್ಟರು, ಇಲ್ಲವೇ ರಬ್ಬರಿನ ಒಂದು ಓ ರಿಂಗು, ಇಲ್ಲವೇ ಡೀಸೆಲ್ ಚಿಮ್ಮಿಸುವ ನೋಝಲ್ಲು. ತಮಾಷೆ ಏನೆಂದರೆ, ಆ ಅಗ್ಗದ ಸಾಮಾನು ಕೊನೆಯವರೆಗೂ ನೋಡಲು ನೆಟ್ಟಗೇ ಇರುತ್ತದೆ. ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹೊಸ ಕ್ರ್ಯಾಂಕ್ ಕೂಡಿಸಿ, ಮತ್ತೆ ಅದೇ ಅಂಗಡಿಯ ಅದೇ ಫಿಲ್ಟರು ತಿರುಪುತ್ತಾರೆ.

ಈ ಮೇಜಿನ ಮೇಲೆ ಎರಡು ಆಯಿಲ್ ಫಿಲ್ಟರ್ ಇಟ್ಟಿದ್ದೇನೆ. ಒಂದೇ ಟ್ರ್ಯಾಕ್ಟರಿನವು. ಬಣ್ಣ ಒಂದೇ, ಮೇಲಿನ ಪಾರ್ಟ್ ನಂಬರೂ ಒಂದೇ. ಬೆಳಿಗ್ಗೆ ಹ್ಯಾಕ್ಸಾ ಬ್ಲೇಡಿನಲ್ಲಿ ಎರಡನ್ನೂ ಕೊಯ್ದು ತಂದೆ. ಮುಂದಿನ ಸಾಲಿನವರು ಎದ್ದು ಬಂದು ಮುಟ್ಟಿ ನೋಡಿ, ಹಿಂದಿನವರಿಗೆ ಆಮೇಲೆ ಕೊಡೋಣ.

ಎಡಗಡೆಯದರ ಕಾಗದ ನೋಡಿ. ಮಡಿಕೆಗಳ ನಡುವಿನ ಸಂದು ಸುತ್ತಲೂ ಒಂದೇ ಸಮ. ತುದಿಗಳು ಅಂಟಿನಲ್ಲಿ ಪೂರ್ತಿ ಮುಳುಗಿವೆ, ಉಗುರು ಹಾಕಿ ಎಳೆದರೂ ಬಿಡುವುದಿಲ್ಲ. ಬೆರಳಲ್ಲಿ ಬಡಿದರೆ ಟಕ್ ಅನ್ನುತ್ತದೆ, ಯಾಕೆಂದರೆ ಅದು ರಾಳ ಕುಡಿಸಿ ಬೇಯಿಸಿದ ಕಾಗದ, ಬಿಸಿ ಎಣ್ಣೆಗೆ ಮೆತ್ತಗಾಗುವುದಿಲ್ಲ. ಈಗ ಬಲಗಡೆಯದು. ಮಡಿಕೆಗಳು ಒಂದು ಕಡೆ ಗುಂಪುಗೂಡಿವೆ, ಇನ್ನೊಂದು ಕಡೆ ಬೆರಳು ತೂರುವಷ್ಟು ಜಾಗ. ಕಾಗದದ ಎರಡು ತುದಿ ಸೇರುವಲ್ಲಿ ಅಂಟು ಬಿಟ್ಟು ಸೀಳು ಕಾಣುತ್ತಿದೆ. ಎಣ್ಣೆಗೆ ದಾರಿ ಬೇಕು, ಅಷ್ಟೇ. ಇಂಥ ಸೀಳು ಸಿಕ್ಕರೆ ಅದು ಕಾಗದದೊಳಗೆ ನುಗ್ಗುವ ಕಷ್ಟ ಯಾಕೆ ಪಡುತ್ತದೆ?

ಕಾಗದಕ್ಕಿಂತ ಮುಖ್ಯವಾದ ಎರಡು ಸಾಮಾನು ಒಳಗಿವೆ. ಈ ರಬ್ಬರ್ ತಟ್ಟೆ ನೋಡಿ. ಇಂಜಿನ್ ಆಫ್ ಆದ ಮೇಲೆ ಫಿಲ್ಟರಿನೊಳಗಿನ ಎಣ್ಣೆ ಕೆಳಗೆ ಇಳಿದುಹೋಗದ ಹಾಗೆ ತಡೆಯುವುದು ಇದು. ಎಡಗಡೆಯದು ಕಿವಿಯ ಹಾಲೆಯಷ್ಟು ಮೆತ್ತಗಿದೆ, ಬಲಗಡೆಯದು ಬಗ್ಗಿಸಿದರೆ ಬಿರುಕು ಬಿಡುತ್ತಿದೆ. ಫಿಲ್ಟರ್ ಅಡ್ಡಲಾಗಿಯೋ ತಲೆಕೆಳಗಾಗಿಯೋ ಕೂರುವ ಇಂಜಿನ್ನಿನಲ್ಲಿ ಈ ರಬ್ಬರ್ ಹಿಡಿಯದಿದ್ದರೆ ರಾತ್ರಿಯೆಲ್ಲ ಎಣ್ಣೆ ಜಾರಿ ಚೇಂಬರಿಗೆ, ಅಂದರೆ ಇಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ, ಹೋಗುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಮೊದಲು ಫಿಲ್ಟರ್ ತುಂಬಬೇಕು, ಆಮೇಲೆ ಕ್ರ್ಯಾಂಕಿಗೆ ಎಣ್ಣೆ. ಅಲ್ಲಿಯತನಕ ಕ್ರ್ಯಾಂಕ್ ಒಣಗಿಕೊಂಡೇ ತಿರುಗುತ್ತದೆ. ಆಯಿಲ್ ಲೈಟು ಆರಲು ಮೊದಲಿಗಿಂತ ತಡವಾಗುತ್ತಿದ್ದರೆ, ಶುರುವಿನಲ್ಲಿ ಕಟಕಟ ಸದ್ದು ಬಂದು ಆಮೇಲೆ ಮಾಯವಾಗುತ್ತಿದ್ದರೆ, ಪಂಪು ಬಿಚ್ಚುವ ಮೊದಲು ಫಿಲ್ಟರ್ ನೋಡಿ.

ಇನ್ನೊಂದು ಈ ಸ್ಪ್ರಿಂಗು, ಬೈಪಾಸ್ ವಾಲ್ವಿನದು. ಫಿಲ್ಟರ್ ಕಟ್ಟಿಕೊಂಡಾಗ ಅಥವಾ ಚಳಿಯಲ್ಲಿ ಎಣ್ಣೆ ಗಟ್ಟಿಯಾದಾಗ ಇಂಜಿನ್ ಒಣಗಬಾರದು ಅಂತ ಇಟ್ಟ ಬಾಗಿಲು ಅದು. ಒಳಗೂ ಹೊರಗೂ ಒತ್ತಡದ ವ್ಯತ್ಯಾಸ ಸುಮಾರು ಒಂದೆರಡು ಬಾರ್ ಆದರೆ ಮಾತ್ರ ತೆರೆಯಬೇಕು. ಬಲಗಡೆಯ ಸ್ಪ್ರಿಂಗನ್ನು ಕಿರುಬೆರಳಿನಲ್ಲಿ ಒತ್ತಬಹುದು. ಅಂದರೆ ಈ ಬಾಗಿಲು ಯಾವಾಗಲೂ ತೆರೆದೇ ಇತ್ತು. ಕಾಗದ ನೋಡಿ, ಎಷ್ಟು ಬೆಳ್ಳಗಿದೆ! ಇದನ್ನು ಬಿಚ್ಚಿದ ಮೇಸ್ತ್ರಿ "ಎಣ್ಣಿ ಭಾಳ ಚೊಕ್ಕ ಐತ್ರಿ, ಫಿಲ್ಟರಿನಾಗ ಹೊಲಸ ಇಲ್ಲ" ಅಂದಿದ್ದನಂತೆ. ಹೊಲಸು ಎಲ್ಲಿ ಹೋಯಿತು ಅಂತ ನನಗೆ ಗೊತ್ತು, ಅದೇ ಇಂಜಿನ್ನಿನ ಬೇರಿಂಗ್ ಇಲ್ಲಿದೆ.

ಈ ಬೇರಿಂಗ್ ಶೆಲ್ಲು, ನಮ್ಮ ಭಾಷೆಯಲ್ಲಿ ಮೆಟಲ್ಲು, ಬೆಳಕಿಗೆ ಹಿಡಿಯಿರಿ. ಗೀರು ಕಾಣುತ್ತದಲ್ಲ? ಗೀರಿನ ಕೊನೆಯಲ್ಲಿ ಸಣ್ಣ ಚುಕ್ಕಿ ಹೊಳೆಯುತ್ತದೆ. ಅದು ಮರಳಿನ ಅಥವಾ ಲೋಹದ ಕಣ. ಮೆಟಲ್ ಮೆತ್ತಗಿರುವುದರಿಂದ ಕಣ ಅದರೊಳಗೆ ಹೂತುಕೊಂಡು ಕೂತಿದೆ, ಅಲ್ಲಿಂದ ಕ್ರ್ಯಾಂಕನ್ನು ಕೆರೆದಿದೆ. ಕ್ರ್ಯಾಂಕಿಗೂ ಮೆಟಲ್ಲಿಗೂ ನಡುವೆ ಓಡುವ ಎಣ್ಣೆಯ ಪದರದ ದಪ್ಪ ಕೆಲವೇ ಮೈಕ್ರಾನ್. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಮೈಕ್ರಾನ್, ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣುವಷ್ಟು ದೊಡ್ಡ ಧೂಳು ಬೇಕಾಗಿಯೇ ಇಲ್ಲ.

ಮೆಟಲ್ಲಿನದೇ ಡೂಪ್ಲಿಕೇಟ್ ಬಂದರೆ ಆಟ ಬೇರೆ. ಒಳ್ಳೆಯ ಶೆಲ್ಲನ್ನು ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ಕನೆಕ್ಟಿಂಗ್ ರಾಡಿನಲ್ಲಿ ಕೂಡಿಸಿದಾಗ ಅದರ ತುದಿ ಕೂದಲೆಳೆಯಷ್ಟು ಮೇಲೆ ಇರುತ್ತದೆ. ಕ್ಯಾಪ್ ಬಿಗಿದಾಗ ಆ ಹೆಚ್ಚುವರಿ ಒತ್ತಿ ಕೂತು ಶೆಲ್ಲು ಅಲುಗಾಡದ ಹಾಗೆ ಹಿಡಿದುಕೊಳ್ಳುತ್ತದೆ. ಕಡಿಮೆ ಬೆಲೆಯದರಲ್ಲಿ ಈ ಎತ್ತರ ಸಿಗುವುದಿಲ್ಲ. ಶೆಲ್ಲು ಒಳಗೇ ತಿರುಗಿ ಎಣ್ಣೆಯ ತೂತು ಮುಚ್ಚುತ್ತದೆ, ಕ್ರ್ಯಾಂಕ್ ಜಾಮ್. ಗ್ರೈಂಡ್ ಮಾಡಿ ಸಣ್ಣದಾದ ಕ್ರ್ಯಾಂಕಿಗೆ ಹೊಂದುವ ಹತ್ತು, ಇಪ್ಪತ್ತು, ಮೂವತ್ತರ ಸೈಜು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಒಳಗಿನ ದಪ್ಪ ಅದಕ್ಕೆ ಸರಿಹೊಂದಿರುವುದಿಲ್ಲ. ಅದನ್ನು ಸರಿ ಮಾಡಲು ಶೆಲ್ಲಿನ ಹಿಂಬದಿಗೆ ಸಿಗರೇಟ್ ಪ್ಯಾಕಿನ ಹಾಳೆ ಕೊಟ್ಟು ಕೂಡಿಸಿದ್ದನ್ನೂ ಬಿಚ್ಚಿದ್ದೇನೆ. ಹೆಸರು ಹೇಳುವುದಿಲ್ಲ, ಆ ಮೇಸ್ತ್ರಿ ಇಲ್ಲೇ ಕೂತಿದ್ದರೂ ಕೂತಿರಬಹುದು. (ನಗು)

ಈಗ ಗಾಳಿ. ರೈತರು ಇದನ್ನು ಕಿವಿಗೊಟ್ಟು ಕೇಳಬೇಕು.

ಒಂದು ಲೀಟರ್ ಡೀಸೆಲ್ ಸರಿಯಾಗಿ ಉರಿಯಲು ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಡೀಸೆಲ್ ಇಂಜಿನ್ನು ಲೆಕ್ಕಕ್ಕಿಂತ ಜಾಸ್ತಿಯೇ ಎಳೆದುಕೊಳ್ಳುತ್ತದೆ. ಗಂಟೆಗೆ ಐದು ಲೀಟರ್ ಕುಡಿಯುವ ಟ್ರ್ಯಾಕ್ಟರು ಒಂದು ಗಂಟೆಯಲ್ಲಿ ಐವತ್ತು ಸಾವಿರ ಲೀಟರ್ ಗಾಳಿಯನ್ನಾದರೂ ನುಂಗುತ್ತದೆ. ಯಾವ ಗಾಳಿ? ರೋಟವೇಟರ್ ಎಬ್ಬಿಸಿದ ಎರೆಮಣ್ಣಿನ ಧೂಳು, ಗೋವಿನಜೋಳ ಒಕ್ಕುವ ಮಷೀನಿನ ಹೊಟ್ಟು. ಮಣ್ಣಿನಲ್ಲಿರುವ ಮರಳಿನ ಕಣ ಇಂಜಿನ್ನಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ.

ಹಿಂದಿನ ಹಿಂಗಾರಿನಲ್ಲಿ ಒಂದು ಟ್ರ್ಯಾಕ್ಟರ್ ಇಂಜಿನ್ ಬಂತು. ಬೋರ್ ಮಾಡಿಸಿ ಒಂದು ಹಂಗಾಮು ಕೂಡ ಆಗಿರಲಿಲ್ಲ. ಬ್ಯಾಕ್ ಕಂಪ್ರೆಷನ್ (ಉರಿದ ಗಾಳಿ ಪಿಸ್ಟನ್ ದಾಟಿ ಕೆಳಗೆ ನುಗ್ಗುವುದು), ಆಯಿಲ್ ಮೇಲಕ್ಕೆ ಎಳೆಯುತ್ತಿದೆ, ಹೊಗೆ. ಮಾಲೀಕರಿಗೆ ಸಿಟ್ಟು, ಬೋರ್ ಹೊಡೆದವರು ಸರಿ ಮಾಡಿಲ್ಲ ಅಂತ. ಲೈನರ್, ಅಂದರೆ ಪಿಸ್ಟನ್ ಓಡುವ ಕೊಳವೆ, ಅದರ ಒಳಗೆ ಬೆರಳಾಡಿಸಿದರೆ ಮೇಲ್ತುದಿಯಲ್ಲಿ, ಮೊದಲ ರಿಂಗು ತಿರುಗಿ ಬರುವ ಜಾಗದಲ್ಲಿ, ಮೆಟ್ಟಿಲು ಕಟ್ಟಿತ್ತು. ರಿಂಗನ್ನು ಬೋರಿನೊಳಗೆ ಇಟ್ಟರೆ ಬಾಯಿ ಅಗಲವಾಗಿ ಬಿಟ್ಟುಕೊಂಡಿತು. ಮೇಲಿನಿಂದ ಕೆಳಕ್ಕೆ ಹೀಗೆ ಸವೆದಿದ್ದರೆ ಅದು ಧೂಳು ತಿಂದ ಇಂಜಿನ್ನು. ಏರ್ ಫಿಲ್ಟರ್ ತರಿಸಿದೆ. ಹೊರಗಡೆ ಚೆನ್ನಾಗಿತ್ತು, ಒಳಗೆ ಟಾರ್ಚ್ ಬಿಟ್ಟರೆ ಎಲ್ಲೂ ತೂತಿಲ್ಲ. ಆದರೆ ಬಾಯಿಯ ರಬ್ಬರ್ ರಿಂಗಿನ ಒಂದು ಪಕ್ಕದಲ್ಲಿ ಕೆಂಪು ಧೂಳಿನ ಗೆರೆ ಒಳಗಿನತನಕ ಹೋಗಿತ್ತು. ಫಿಲ್ಟರಿನ ಅಳತೆ ಸ್ವಲ್ಪ ಕಡಿಮೆ, ರಬ್ಬರ್ ಡಬ್ಬಿಗೆ ಒತ್ತಿ ಕೂರುತ್ತಿರಲಿಲ್ಲ. ಕಾಗದ ಎಷ್ಟು ಚೆನ್ನಾಗಿದ್ದರೇನು, ಗಾಳಿ ಪಕ್ಕದಿಂದ ಹೋಗುತ್ತಿತ್ತು. ಉಳಿದದ್ದು ಇನ್ನೂರು ಮುನ್ನೂರು ರೂಪಾಯಿ. ಹೋದದ್ದು ಲೈನರ್, ಪಿಸ್ಟನ್, ರಿಂಗ್ ಸೆಟ್ಟು ಮತ್ತು ಬಿತ್ತನೆಯ ಕಾಲ.

ಇದರ ಜೊತೆಗೇ ಹೇಳಿಬಿಡುತ್ತೇನೆ: ಒರಿಜಿನಲ್ ಫಿಲ್ಟರ್ ತಂದು, ಪಂಕ್ಚರ್ ಅಂಗಡಿಯ ಗಾಳಿ ಪೈಪನ್ನು ಹೊರಗಿನಿಂದ ಹತ್ತಿರ ಹಿಡಿದು ಊದಿದರೆ ಅದೂ ಡೂಪ್ಲಿಕೇಟೇ ಆಗುತ್ತದೆ. ಕಾಗದ ಕಣ್ಣಿಗೆ ಕಾಣದ ಹಾಗೆ ಹರಿಯುತ್ತದೆ. ಊದಲೇಬೇಕಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಗಾಳಿಯಲ್ಲಿ, ದೂರದಿಂದ. ಒಳಗಡೆಯ ಚಿಕ್ಕ ಸೇಫ್ಟಿ ಫಿಲ್ಟರನ್ನು ಊದಲೇಬಾರದು, ಬದಲಿಸಬೇಕು.

ಡೀಸೆಲ್ ಕಡೆ ಬರೋಣ. ನಮ್ಮ ಕಡೆ ಈಗಲೂ ಇಂಜೆಕ್ಷನ್ ಪಂಪಿಗೆ ಮೈಕೊ ಪಂಪ್ ಅನ್ನುವವರಿದ್ದಾರೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ ಕಂಪನಿಯ ಹೆಸರು ಅದು. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಆಯಿತು, ನಮ್ಮ ಬಾಯಲ್ಲಿ ಮಾತ್ರ ಮೈಕೊನೇ ಉಳಿಯಿತು. ಆ ಹಳೇ ಪಂಪಿನ ಕಾಲದಲ್ಲಿ ನೋಝಲ್ಲು ತೆರೆಯುವ ಒತ್ತಡ ಸುಮಾರು 200ರಿಂದ 250 ಬಾರ್. ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ 1,600, 2,000 ಬಾರ್ ಸಾಮಾನ್ಯ. ನೋಝಲ್ಲಿನ ತೂತು 0.1ರಿಂದ 0.2 ಮಿಲಿಮೀಟರಿನ ಆಸುಪಾಸು, ಪಂಪಿನೊಳಗಿನ ಪ್ಲಂಜರಿಗೂ ಅದು ಓಡಾಡುವ ಬ್ಯಾರಲ್ಲಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್. ಇದನ್ನು ನಾಲ್ಕನೇ ಒಂದು ಬೆಲೆಗೆ ಮಾಡಿ ಕೊಡುತ್ತೇನೆ ಅನ್ನುವವನು ಎಲ್ಲಿ ಉಳಿಸುತ್ತಾನೆ ಅಂತ ಯೋಚನೆ ಮಾಡಿ. ಉಕ್ಕಿನಲ್ಲಿ, ಶಾಖ ಕೊಟ್ಟು ಹದ ಮಾಡುವುದರಲ್ಲಿ, ಟೆಸ್ಟ್ ಮಾಡುವುದರಲ್ಲಿ. ಹೊರಗಿನ ಹೊಳಪಿನಲ್ಲಂತೂ ಉಳಿಸುವುದಿಲ್ಲ.

ಕೆಟ್ಟ ನೋಝಲ್ಲು ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸುವ ಬದಲು ತೊಟ್ಟಿಕ್ಕಿಸುತ್ತದೆ. ತೊಟ್ಟು ಬಿದ್ದ ಜಾಗದಲ್ಲಿ ಪಿಸ್ಟನ್ನಿನ ತಲೆ ಸುಟ್ಟು ತೂತಾಗುತ್ತದೆ. ಉರಿಯದೆ ಉಳಿದ ಡೀಸೆಲ್ ಲೈನರಿನ ಗೋಡೆಯ ಎಣ್ಣೆ ತೊಳೆದುಕೊಂಡು ಚೇಂಬರಿಗೆ ಇಳಿಯುತ್ತದೆ. ಗೇಜ್ ಹಾಕಿದರೆ ಆಯಿಲ್ ಲೆವೆಲ್ ಏರಿರುತ್ತದೆ. ನಮ್ಮವರಿಗೆ ಖುಷಿ, ಇಂಜಿನ್ ಎಣ್ಣೆ ಕುಡಿಯುತ್ತಿಲ್ಲ ಅಂತ! ಮುಂದೆ ತೆಳುವಾದ ಎಣ್ಣೆಯಲ್ಲಿ ಮೆಟಲ್ ಹೋಗುತ್ತದೆ. ಮಾಲೀಕರು ಬಂದು "ಪಿಸ್ಟನ್ ಡೂಪ್ಲಿಕೇಟ್ ಹಾಕಿದ್ರು" ಅನ್ನುತ್ತಾರೆ. ಪಿಸ್ಟನ್ ಒರಿಜಿನಲ್ಲೇ ಇತ್ತು ಸ್ವಾಮಿ, ಅದನ್ನು ಸುಟ್ಟದ್ದು ಮೇಲೆ ಕೂತ ನೋಝಲ್ಲು.

ಕಾಮನ್ ರೈಲಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ. ಡೀಸೆಲ್ ಫಿಲ್ಟರ್ ನೀರು ಬೇರ್ಪಡಿಸದಿದ್ದರೆ ಹೈ ಪ್ರೆಶರ್ ಪಂಪಿನೊಳಗೆ ತುಕ್ಕು, ಸವೆತ. ಪಂಪಿನಿಂದ ಎದ್ದ ಲೋಹದ ಪುಡಿ ರೈಲಿಗೆ, ರೈಲಿನಿಂದ ಎಲ್ಲ ಇಂಜೆಕ್ಟರಿಗೆ. ಒಂದು ಬದಲಿಸಿದರೆ ಸಾಲದು. ಪಂಪು, ರೈಲು, ಇಂಜೆಕ್ಟರು, ಪೈಪು, ಟ್ಯಾಂಕ್ ತೊಳೆಯುವುದು, ಇಡೀ ಸಾಲೇ ಬರುತ್ತದೆ. ಒಂದು ಫಿಲ್ಟರಿಗಾಗಿ ಲಕ್ಷದ ಮಾತು ಆಡಬೇಕಾಗುತ್ತದೆ. ಮತ್ತೆ, ಅನೇಕ ಇಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರಿನ ಮೇಲೆ ಒಂದು ಕೋಡ್ ಇರುತ್ತದೆ, ಅದನ್ನು ಸ್ಕ್ಯಾನರಿನಲ್ಲಿ ಇಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಬರೆಯಬೇಕು. ಪ್ರತಿ ಇಂಜೆಕ್ಟರ್ ಎಷ್ಟು ಡೀಸೆಲ್ ಬಿಡುತ್ತದೆ ಅನ್ನುವ ಅಳತೆ ಆ ಕೋಡಿನಲ್ಲಿದೆ. ಎರಡು ಇಂಜೆಕ್ಟರಿನ ಮೇಲೆ ಒಂದೇ ಕೋಡ್ ಕಂಡರೆ ಅಲ್ಲೇ ವಾಪಸ್ ಕೊಟ್ಟುಬಿಡಿ.

ಹಳೇ ಇಂಜಿನ್ನು ಬಹಳ ತಾಳುತ್ತಿತ್ತು, ನಿಜ. ಆ ತಾಳ್ಮೆಯ ಮೇಲೆಯೇ ನಮ್ಮ ಡೂಪ್ಲಿಕೇಟ್ ವ್ಯಾಪಾರ ಬೆಳೆದದ್ದು. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಬಿಎಸ್6 ನಿಯಮ ಬಂತು. 50 ಎಚ್‌ಪಿ ಮೀರಿದ ಟ್ರ್ಯಾಕ್ಟರಿಗೆ 2023ರ ಜನವರಿಯಿಂದ ಅಂಥದ್ದೇ ಟ್ರೆಮ್4 ನಿಯಮ ಬಂತು. ಈ ಇಂಜಿನ್ನುಗಳು ತಾಳುವ ಜಾತಿಯಲ್ಲ. ಹೊಗೆ ಶುದ್ಧ ಮಾಡಲು ಬಿಎಸ್6 ಲಾರಿಗೆ ಹಾಕುವ ಡಿಇಎಫ್ ದ್ರವ ಕೂಡ ಹಾಗೆಯೇ. ಅದು ಶುದ್ಧ ನೀರಿನಲ್ಲಿ 32.5 ಶೇಕಡಾ ಶುದ್ಧ ಯೂರಿಯಾ. ಗೊಬ್ಬರದ ಯೂರಿಯಾವನ್ನು ಬೋರ್‌ವೆಲ್ ನೀರಿಗೆ ಕಲಸಿ ಹಾಕಿದವರ ಲಾರಿ ನೋಡಿದ್ದೇನೆ. ನಮಗೆ ಸಿಗುವ ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಆ ಎಣ್ಣೆ, ನೀರಿನ ಸುಣ್ಣ, ಎಲ್ಲ ಹೋಗಿ ಅದನ್ನು ಚಿಮ್ಮಿಸುವ ಡೋಸರ್ ಕಟ್ಟಿಕೊಂಡು, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಸತ್ತುಹೋಗುತ್ತದೆ, ಲಾರಿ ಏರು ಹತ್ತುವುದಿಲ್ಲ. ರೈತರ ಸಬ್ಸಿಡಿ ಯೂರಿಯಾವನ್ನು ಹೀಗೆ ಬಳಸುವುದು ಕಾನೂನಿನ ಪ್ರಕಾರ ಅಪರಾಧ ಕೂಡ. ಅದು ಬೇರೆ ಭಾಷಣದ ವಿಷಯ, ಬಿಡಿ.

ಚಿಲ್ಲರೆ ಅನಿಸುವ ಎರಡು ಸಾಮಾನು ಹೇಳಿ ಮುಂದೆ ಹೋಗುತ್ತೇನೆ. ಮೊದಲನೆಯದು ಲೈನರಿನ ಓ ರಿಂಗು. ಇದು ಒಂದು ಕಡೆ ಬಿಸಿ ನೀರು, ಇನ್ನೊಂದು ಕಡೆ ಬಿಸಿ ಎಣ್ಣೆ ತಡೆದುಕೊಳ್ಳಬೇಕು. ಎಲ್ಲ ರಬ್ಬರಿಗೂ ಆ ಶಕ್ತಿ ಇಲ್ಲ. ತಪ್ಪು ರಬ್ಬರು ಎಣ್ಣೆ ಕುಡಿದು ಉಬ್ಬುತ್ತದೆ, ಇಲ್ಲವೇ ಸುಟ್ಟು ಕಲ್ಲಾಗುತ್ತದೆ. ಚೇಂಬರಿನಲ್ಲಿ ನೀರು ಸೇರಿ ಎಣ್ಣೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಹೆಡ್ ಎತ್ತುತ್ತಾರೆ, ಗ್ಯಾಸ್ಕೆಟ್ ಬದಲಿಸುತ್ತಾರೆ, ವಾರಕ್ಕೆ ಮತ್ತೆ ಅದೇ ಬಣ್ಣ. ಹೆಡ್ಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಎರಡನೆಯದು ಕನೆಕ್ಟಿಂಗ್ ರಾಡಿನ ಬೋಲ್ಟು. ಪಿಸ್ಟನ್ ಮೇಲೆ ಹೋಗಿ ತಿರುಗುವ ಪ್ರತಿ ಸಲವೂ ಅದರ ಭಾರವನ್ನೆಲ್ಲ ಕೆಳಕ್ಕೆ ಎಳೆದು ಹಿಡಿಯುವುದು ಈ ಬೋಲ್ಟುಗಳೇ. ತಲೆಯ ಮೇಲೆ 10.9, 12.9 ಅಂತ ಅಚ್ಚಿರುತ್ತದೆ. ಅಚ್ಚು ಹೊಡೆಯುವುದು ಸುಲಭ, ಉಕ್ಕಿಗೆ ಆ ಶಕ್ತಿ ಬರಿಸುವುದು ಕಷ್ಟ. ಬೋಲ್ಟು ತುಂಡಾದರೆ ರಾಡು ಬ್ಲಾಕ್ ಒಡೆದು ಹೊರಗೆ ಬರುತ್ತದೆ. ಪಕ್ಕದಲ್ಲಿ ಮನುಷ್ಯ ನಿಂತಿರಬಹುದು. ಬೋರ್‌ವೆಲ್ ಲಾರಿಯ ಕಂಪ್ರೆಸರ್ ಇಂಜಿನ್ನಿನ ಹತ್ತಿರ ಯಾವಾಗಲೂ ಹುಡುಗರು ನಿಂತೇ ಇರುತ್ತಾರೆ. ಈ ಬೋಲ್ಟಿನ ವಿಷಯದಲ್ಲಿ ನಾನು ಯಾರ ಜೊತೆಯೂ ಚೌಕಾಸಿ ಮಾಡುವುದಿಲ್ಲ: ಡಬ್ಬಿ ನನಗೆ ಒಪ್ಪಿಗೆಯಾಗದಿದ್ದರೆ ರಾಡು ಕೂಡಿಸಿ ಕೊಡುವುದಿಲ್ಲ.

ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ್ದೂ ಇದೇ ಕಥೆ. ನಿಮಿಷಕ್ಕೆ ಒಂದು ಲಕ್ಷ ಸುತ್ತು ಮೀರಿ ತಿರುಗುವ ಸಾಮಾನಿಗೆ ಬ್ಯಾಲೆನ್ಸ್ ಮಾಡದ ಕಾರ್ಟ್ರಿಜ್ (ಒಳಗಿನ ತಿರುಗುವ ಭಾಗ) ಹಾಕಿದರೆ ಸೀಲು ಹೋಗಿ ಎಣ್ಣೆ ಇಂಜಿನ್ನಿನ ಗಾಳಿದಾರಿಗೆ ಬೀಳುತ್ತದೆ. ಇಂಜಿನ್ನು ಡೀಸೆಲ್ ಬಿಟ್ಟು ಆ ಎಣ್ಣೆಯನ್ನೇ ಉರಿಸಿಕೊಂಡು ಕಿರುಚಲು ಶುರುಮಾಡುತ್ತದೆ, ಚಾವಿ ತೆಗೆದರೂ ನಿಲ್ಲುವುದಿಲ್ಲ. ಆಗ ಇರುವ ದಾರಿ ಗಾಳಿ ಬಂದ್ ಮಾಡುವುದು. ಬಾಯಿಗೆ ಕೈ ಇಡಬೇಡಿ, ದಪ್ಪ ಹಲಗೆ ಹುಡುಕಿ, ಸಿಗದಿದ್ದರೆ ದೂರ ಓಡಿ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಶೋರೂಮಿನಲ್ಲೇ ತರಬೇಕಾ ಅಂತ ನಿಮ್ಮ ಮನಸ್ಸಿನಲ್ಲಿ ಬಂದಿರುತ್ತದೆ. ಹಾಗೇನಿಲ್ಲ. ಕಂಪನಿಯ ಡಬ್ಬಿಯಲ್ಲಿಲ್ಲದ್ದೆಲ್ಲ ಕಳಪೆ ಅನ್ನುವುದು ಮಾರಾಟದ ಮಾತು. ಟ್ರ್ಯಾಕ್ಟರ್, ಲಾರಿ ಕಂಪನಿಗಳು ಪಿಸ್ಟನ್, ರಿಂಗು, ಮೆಟಲ್ಲು, ಫಿಲ್ಟರುಗಳಲ್ಲಿ ಹೆಚ್ಚಿನವನ್ನು ತಾವು ಮಾಡುವುದೇ ಇಲ್ಲ, ಬೇರೆ ಕಾರ್ಖಾನೆಗಳಿಂದ ತರಿಸಿಕೊಳ್ಳುತ್ತವೆ. ಅದೇ ಕಾರ್ಖಾನೆ ತನ್ನ ಹೆಸರಿನ ಡಬ್ಬಿಯಲ್ಲಿ ಹೊರಗಡೆಯೂ ಮಾರುತ್ತದೆ, ಬಹಳ ಸಲ ಕಡಿಮೆ ಬೆಲೆಗೆ. ಹೊರ ಮಾರುಕಟ್ಟೆಗೆ ಬಿಡಿಭಾಗ ಸಿಗದಂತೆ ತಡೆದರು ಅಂತ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಆಮೇಲೆ ಅದು ಮೇಲ್ಮನವಿ, ಕೋರ್ಟು ಅಂತ ಹೋಯಿತು. ಶೋರೂಮಿನ ಬಿಲ್ಲು ನೋಡಿ ಹೊಟ್ಟೆ ಉರಿದುಕೊಳ್ಳುವುದು ನೀವೊಬ್ಬರೇ ಅಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ನಾನು ಭಯಪಡುವುದು ಬೇರೆ ಎರಡು ಜಾತಿಗೆ. ಒಂದು, ಹೆಸರಿರುವ ಕಂಪನಿಯ ಡಬ್ಬಿಯನ್ನೇ ನಕಲು ಹೊಡೆದದ್ದು. ಇನ್ನೊಂದು, ಹಳೇ ಸಾಮಾನಿಗೆ ಬಣ್ಣ ಬಳಿದು ಹೊಸದು ಅಂತ ಮಾರುವುದು. ಇಂಜೆಕ್ಟರಿನಲ್ಲಿ, ಟರ್ಬೊದಲ್ಲಿ, ಸೆಲ್ಫ್ ಮೋಟರಿನಲ್ಲಿ ಇದು ಜಾಸ್ತಿ. ಹೆಸರೇ ಕೇಳಿರದ ಲೋಕಲ್ ಮಾಲು ಇವೆರಡಕ್ಕಿಂತ ಒಂದು ಲೆಕ್ಕಕ್ಕೆ ವಾಸಿ, ಅದು ನಾನು ಲೋಕಲ್ ಅಂತ ಮುಖಕ್ಕೆ ಹೇಳಿಕೊಂಡಾದರೂ ಬರುತ್ತದೆ.

ನಕಲಿ ಮಾಲಿಗೆ ಡಬ್ಬಿ ಎಲ್ಲಿಂದ ಸಿಗುತ್ತದೆ ಗೊತ್ತೇ? ನಿಮ್ಮಿಂದಲೇ. ಗ್ಯಾರೇಜಿನ ಮೂಲೆಯಲ್ಲಿ ಬಿದ್ದ ಖಾಲಿ ಡಬ್ಬಿಗಳನ್ನು ಗುಜರಿಯವನು ರದ್ದಿ ಕಾಗದಕ್ಕಿಂತ ಹೆಚ್ಚು ಕೊಟ್ಟು ಒಯ್ಯುತ್ತಾನೆ. ಯಾಕೆ ಹೆಚ್ಚು ಕೊಡುತ್ತಾನೆ ಅಂತ ಯಾರೂ ಕೇಳುವುದಿಲ್ಲ. ಡಬ್ಬಿಯ ಲೇಬಲ್, ಬ್ಯಾಚ್ ನಂಬರು ಫೋನಿನಲ್ಲಿ ಫೋಟೋ ಹೊಡೆದುಕೊಂಡು ಡಬ್ಬಿ ಹರಿದು ಹಾಕಿ. ಹಳೇ ಇಂಜೆಕ್ಟರಿನ ಮೂತಿಗೆ ಒಂದು ಸುತ್ತಿಗೆ ಏಟು ಕೊಡಿ. ಹಳೇ ಫಿಲ್ಟರಿಗೆ ಮೊಳೆ ಹೊಡೆಯಿರಿ.

ಹೊಲೊಗ್ರಾಮ್ ಇದೆ ಅಂತ ನಂಬಬೇಡಿ, ಅದನ್ನೂ ಅಚ್ಚು ಹಾಕುತ್ತಾರೆ. ಡಬ್ಬಿಯ ಮೇಲೆ ತಯಾರಿಸಿದವರ ವಿಳಾಸ, ತಿಂಗಳು, ಎಂಆರ್‌ಪಿ ಇರಲೇಬೇಕು. ಇಂಗ್ಲಿಷ್ ಅಕ್ಷರ ತಪ್ಪಿದ್ದರೆ ಕೆಳಗಿಡಿ. ಕ್ಯೂಆರ್ ಕೋಡಿದ್ದರೆ ಅಂಗಡಿಯವನ ಎದುರಿಗೇ ಸ್ಕ್ಯಾನ್ ಮಾಡಿ. ಎಲ್ಲಕ್ಕಿಂತ ಒಳ್ಳೆಯದು ಹಳೇ ಸಾಮಾನನ್ನು ಜೊತೆಗೆ ಒಯ್ದು ಪಕ್ಕದಲ್ಲಿಟ್ಟು ನೋಡುವುದು. ತೂಕ ಕೈಯಲ್ಲೇ ಗೊತ್ತಾಗುತ್ತದೆ. ಪಿಸ್ಟನ್ ಆದರೆ ಮೊದಲ ರಿಂಗು ಕೂರುವ ತೋಡು ನೋಡಿ. ಅನೇಕ ಡೀಸೆಲ್ ಪಿಸ್ಟನ್ನುಗಳಲ್ಲಿ ಅಲ್ಯೂಮಿನಿಯಂ ನಡುವೆ ಬೇರೆ ಬಣ್ಣದ ಕಬ್ಬಿಣದ ಪಟ್ಟಿ ಕೂಡಿಸಿರುತ್ತಾರೆ, ತೋಡು ಸವೆಯಬಾರದು ಅಂತ. ಹಳೆಯದರಲ್ಲಿ ಪಟ್ಟಿ ಇದ್ದು ಹೊಸದರಲ್ಲಿ ಇಲ್ಲದಿದ್ದರೆ ಮುಗಿಯಿತು. ಎಕ್ಸಾಸ್ಟ್ ವಾಲ್ವಿಗೆ ಅಯಸ್ಕಾಂತ ಹಿಡಿಯಿರಿ. ಕೆಲವು ಒಳ್ಳೆಯ ವಾಲ್ವುಗಳ ತಲೆ ಒಂದು ಉಕ್ಕು, ಕಾಂಡ ಇನ್ನೊಂದು ಉಕ್ಕು, ತಿರುಗಿಸಿ ಬೆಸೆದಿರುತ್ತಾರೆ. ಕಾಂಡಕ್ಕೆ ಅಂಟುತ್ತದೆ, ತಲೆಗೆ ಅಂಟುವುದಿಲ್ಲ. ಎಲ್ಲ ಇಂಜಿನ್ನಿಗೂ ಇದು ಹೊಂದುವುದಿಲ್ಲ, ಹಳೇ ವಾಲ್ವಿಗೆ ಮೊದಲು ಹಿಡಿದು ನೋಡಿ, ಹೊಸದೂ ಹಾಗೇ ನಡೆದುಕೊಳ್ಳಬೇಕು.

ಬಿಲ್ಲು. ಇದನ್ನು ಕೇಳಿದರೆ ಅಂಗಡಿಯವನು "ಜಿಎಸ್‌ಟಿ ಹಾಕಿದ್ರೆ ಜಾಸ್ತಿ ಆಗ್ತದ್ರಿ" ಅನ್ನುತ್ತಾನೆ. ಆಗಲಿ. ನಕಲಿ ಟ್ರೇಡ್‌ಮಾರ್ಕ್ ಹಾಕುವವರಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಕಲಿ ಸರಕು ಮಾಡಿದವನಿಗೂ ಮಾರಿದವನಿಗೂ ಶಿಕ್ಷೆ ಇದೆ. ಲಾರಿ ಅಂದರೆ ವ್ಯಾಪಾರ, ನಾವು ಗ್ರಾಹಕರಾಗುವುದಿಲ್ಲ ಅಂತ ಕೆಲವರು ತಿಳಿದುಕೊಂಡಿದ್ದಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಇಟ್ಟುಕೊಂಡ ಗಾಡಿಗೆ ಕೊಂಡ ಸಾಮಾನಾದರೆ ಕಾಯ್ದೆ ನಿಮ್ಮನ್ನು ಗ್ರಾಹಕರೆಂದೇ ಎಣಿಸುತ್ತದೆ. ಆದರೆ ಬಿಲ್ಲಿಲ್ಲದೆ ಯಾವ ಕಾಯ್ದೆಯೂ ಕೆಲಸ ಮಾಡುವುದಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.

*

"ಸರ್, ನಮ್ಮ ಟ್ರ್ಯಾಕ್ಟರ್ ಭಾಳ ಹಳೇದು. ಕಂಪನ್ಯಾಗ ಈಗ ಪಾರ್ಟ್ ಬರಂಗಿಲ್ಲ. ನಾವೇನ್ ಮಾಡ್ಬೇಕ್ರೀ?"

ಒಳ್ಳೆ ಪ್ರಶ್ನೆ. ಹೆಸರಿಲ್ಲದ ಹೊಸ ಕ್ರ್ಯಾಂಕಿಗಿಂತ ಹಳೇ ಒರಿಜಿನಲ್ ಕ್ರ್ಯಾಂಕು ಉತ್ತಮ. ಅದೇ ಮಾಡೆಲ್ಲಿನ ಗುಜರಿಗೆ ಹೋದ ಟ್ರ್ಯಾಕ್ಟರ್ ಹುಡುಕಿ ತನ್ನಿ. ಬಿರುಕಿದೆಯಾ ಅಂತ ಟೆಸ್ಟ್ ಮಾಡಿಸಿ, ಅಳತೆ ತೆಗೆಸಿ, ಗ್ರೈಂಡ್ ಮಾಡಿಸಿ. ಲೈನರ್, ಪಿಸ್ಟನ್ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೆಸರಿರುವ ತಯಾರಕರದ್ದು ಹಳೇ ಮಾಡೆಲ್ಲಿಗೂ ಸಿಗುತ್ತದೆ, ಪಾರ್ಟ್ ನಂಬರು ಬರೆದುಕೊಂಡು ಹೋಗಿ. ಫಿಲ್ಟರಿನಲ್ಲಿ ಮಾತ್ರ "ಇದೇ ಥ್ರೆಡ್ಡು, ಕೂಡ್ತದೆ" ಅಂದರೆ ಒಪ್ಪಬೇಡಿ. ಥ್ರೆಡ್ಡು ಒಂದೇ ಇದ್ದರೂ ಒಳಗೆ ಬೈಪಾಸ್ ಇರಬಹುದು, ಇಲ್ಲದಿರಬಹುದು. ಕೆಲವು ಇಂಜಿನ್ನಿಗೆ ಬೈಪಾಸು ಬ್ಲಾಕಿನಲ್ಲೇ ಇರುತ್ತದೆ.

"ಥರ್ಮೋಸ್ಟಾಟ್ ಡೂಪ್ಲಿಕೇಟ್ ಜಾಮ್ ಆಗಿ ಹೀಟ್ ಆಗ್ತದ. ಅದಕ್ಕ ತೆಗದ ಬಿಟ್ಟೀವಿ. ನಡೀತದಲ್ಲ?"

ಹೀಟ್ ಆಗುವುದು ನಿಲ್ಲುತ್ತದೆ, ಇಂಜಿನ್ ಬೇಗ ಬೆಚ್ಚಗಾಗುವುದೂ ನಿಲ್ಲುತ್ತದೆ. ತಣ್ಣಗೆ ಓಡುವ ಡೀಸೆಲ್ ಇಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಲೈನರ್ ಬೇಗ ಸವೆಯುತ್ತದೆ. ಒಂದು ಒಳ್ಳೆಯದು ತಂದು ಹಾಕಿ. ಹಾಕುವ ಮೊದಲು ದಾರ ಕಟ್ಟಿ ಕುದಿಯುವ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ನೋಡಿ, ಬಾಯಿ ತೆರೆಯಬೇಕು. ನೀರು ಆರಿದ ಮೇಲೆ ಪೂರ್ತಿ ಮುಚ್ಚಬೇಕು.

ಕೊನೆಯ ಪ್ರಶ್ನೆ ಒಬ್ಬ ಮೇಸ್ತ್ರಿಯದು. ಎಲ್ಲರೂ ನಮ್ಮನ್ನೇ ಬೈತಾರೆ, ನಾವು ಕಮಿಷನ್ನಿಗೆ ಡೂಪ್ಲಿಕೇಟ್ ಹಾಕ್ತೀವಿ ಅಂತ. ಮಾಲೀಕರು ಕೂಲಿಯಲ್ಲಿ ಅರ್ಧ ಮುರೀತಾರಲ್ಲ, ಅದನ್ನ ಯಾಕೆ ಹೇಳಲ್ಲ, ಅಂದರು.

ಹೇಳುತ್ತೇನೆ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಇಂಜಿನ್ ಇಳಿಸಿ, ಬಿಚ್ಚಿ, ಕೂಡಿಸಿ, ಏರಿಸುವ ಕೆಲಸಕ್ಕೆ ಹೇಳಿದ ಕೂಲಿಯಲ್ಲಿ ಚೌಕಾಸಿ ಮಾಡಿ ಅರ್ಧಕ್ಕೆ ಒಪ್ಪಿಸುತ್ತೀರಿ. ಆಮೇಲೆ "ಸಾಮಾನು ನೀನೇ ತಂದುಬಿಡಪ್ಪ" ಅನ್ನುತ್ತೀರಿ. ಕಳೆದ ಅರ್ಧವನ್ನು ಅವನು ಎಲ್ಲಿ ಹುಡುಕಬೇಕು? ಸಾಮಾನಿನಲ್ಲೇ. ನಮ್ಮ ಶಾಪಿನಲ್ಲಿ ಈಗ ಎರಡು ಚೀಟಿ ಬರೆಯುತ್ತೇವೆ. ಒಂದು ಕೂಲಿಯದು, ಅದರಲ್ಲಿ ಒಂದು ಪೈಸೆ ಬಿಡುವುದಿಲ್ಲ. ಇನ್ನೊಂದರಲ್ಲಿ ಬೇಕಾದ ಸಾಮಾನು, ಪಾರ್ಟ್ ನಂಬರು, ಯಾವ ಯಾವ ತಯಾರಕರದ್ದು ನಡೆಯುತ್ತದೆ ಅನ್ನುವುದು. ಮಾಲೀಕರೇ ಹೋಗಿ ಬಿಲ್ಲಿನ ಜೊತೆ ತರಬೇಕು. ತಂದದ್ದನ್ನು ಅವರ ಎದುರಿಗೆ ಡಬ್ಬಿ ಒಡೆದು ಮೈಕ್ರೋಮೀಟರ್ ಹಿಡಿಯುತ್ತೇವೆ. ಅಳತೆ ತಪ್ಪಿದ್ದರೆ ಅವತ್ತೇ ವಾಪಸ್ ಹೋಗುತ್ತದೆ. ಶುರುವಿನಲ್ಲಿ ಕೆಲವು ಗಿರಾಕಿಗಳು ಜಗಳ ಮಾಡಿ ಬೇರೆ ಕಡೆ ಹೋದರು. ಅವರಲ್ಲಿ ಒಂದಿಬ್ಬರು ಗೋಣಿಚೀಲ ಹೊತ್ತುಕೊಂಡು ತಿರುಗಿ ಬಂದಿದ್ದಾರೆ, ಇಲ್ಲೇ ಎರಡನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಬೇಕಾದರೆ ಚಹಾ ಕುಡಿಯುವಾಗ ಅವರನ್ನೇ ಕೇಳಿ.